ಬಿರುಕಿನ ದನಿ ಕೇಳಿದ ಮೇಲೆ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕಳುಹಿಸಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನನ್ನಂಥ ಗೃಹಿಣಿಯಿಂದ ಅವರು ಹಬ್ಬದ ಅಡುಗೆಯನ್ನೋ ಮಕ್ಕಳಿಗೆ ಕನ್ನಡ ಕಲಿಸುವ ಬಗೆಯನ್ನೋ ನಿರೀಕ್ಷಿಸಿದ್ದರೆಂದು ಕಾಣುತ್ತದೆ. ಆ ಎರಡು ವಿಷಯಗಳ ಮೇಲೂ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲಿದ್ದಾರೆ. ನಾನು ಬರೆಯಹೊರಟಿರುವುದು ಕಬ್ಬಿಣದ ಬಗ್ಗೆ. ಇನ್ನೂ ಸರಿಯಾಗಿ ಹೇಳುವುದಾದರೆ, ಸೇತುವೆ, ವಿಮಾನ, ಕೊಳವೆಗಳು ಮುರಿಯುವುದಕ್ಕೆ ಮೊದಲೇ ಅವುಗಳೊಳಗಿನ ಬಿರುಕನ್ನು ಧ್ವನಿಯಿಂದ ಪತ್ತೆಹಚ್ಚುವ ಒಂದು ವಿದ್ಯೆಯ ಬಗ್ಗೆ. ಬಳ್ಳಾರಿಯಲ್ಲಿ ಇತಿಹಾಸ ಮತ್ತು ಕನ್ನಡ ಓದಿ ಬಿ.ಎ. ಮಾಡಿದವಳಿಗೆ ಈ ಉಸಾಬರಿ ಏಕೆಂದು ಓದುಗರು ಕೇಳಬಹುದು. ಸೇತುವೆಯ ಮೇಲೆ ಎಂಜಿನಿಯರುಗಳಷ್ಟೇ ಓಡಾಡುವುದಿಲ್ಲವಲ್ಲ, ಎಂಬುದೇ ನನ್ನ ಉತ್ತರ.

ಈ ವಿದ್ಯೆಯ ಬೇರು ನಮ್ಮ ಅಡುಗೆಮನೆಗೆ ದೂರವಾದುದೇನೂ ಅಲ್ಲ. ಗಂಗಾವತಿಯ ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅಜ್ಜಿ ಅದನ್ನು ಎಡ ಅಂಗೈಯ ಮೇಲೆ ಕೂರಿಸಿಕೊಂಡು, ಬಲಗೈ ಬೆರಳಿನ ಗೆಣ್ಣಿನಿಂದ ಮೆಲ್ಲಗೆ ಬಡಿಯುತ್ತಿದ್ದಳು. ಠಣ್ಣೆಂದರೆ ಕೊಳ್ಳುವುದು, ಬೊದ್ದೆಂದರೆ ಕೆಳಗಿಡುವುದು. ಕುಂಬಾರನು ಎಷ್ಟು ಆಣೆಯಿಟ್ಟರೂ ಅವಳ ಕಿವಿಯ ತೀರ್ಪಿಗೆ ಮೇಲ್ಮನವಿ ಇರುತ್ತಿರಲಿಲ್ಲ. ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಗಾಡಿ ನಿಂತೊಡನೆ ಉದ್ದ ಹಿಡಿಯ ಸುತ್ತಿಗೆಯವನೊಬ್ಬನು ಒಂದೊಂದೇ ಗಾಲಿಗೆ ಬಡಿಯುತ್ತ ಹೋಗುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿರುತ್ತಾರೆ. ಬಿರುಕುಬಿಟ್ಟ ಗಾಲಿಯ ದನಿಯೇ ಬೇರೆ. ಗಟ್ಟಿಯಾದ ವಸ್ತುವಿನಲ್ಲಿ ಧ್ವನಿಯು ತಡೆಯಿಲ್ಲದೆ ಹರಿದಾಡುತ್ತದೆ. ಬಿರುಕು ಅದರ ದಾರಿಯನ್ನು ಕಡಿಯುತ್ತದೆ. ಆದರೆ ಈ ಬಡಿತದಿಂದ ಮಡಕೆ ಒಡೆದಿದೆಯೆಂಬುದು ತಿಳಿಯುತ್ತದೆಯೇ ಹೊರತು ಎಲ್ಲಿ ಒಡೆದಿದೆ, ಎಷ್ಟು ಒಡೆದಿದೆ ಎಂಬುದು ತಿಳಿಯದು. ಮಡಕೆಗೆ ಅಷ್ಟು ಸಾಕು. ಮೈಲಿಗಟ್ಟಲೆ ಸಾಗುವ ಕೊಳವೆಗೆ ಸಾಲದು.

ನಮ್ಮ ಅಳಿಯಂದಿರ ಕಸುಬು ಇಂಥ ಕೊಳವೆಗಳನ್ನು ಪರೀಕ್ಷಿಸುವುದು. ಮಗಳ ಮದುವೆಯಾದ ಹೊಸದರಲ್ಲಿ ಅವರು ತಮ್ಮ ಕೆಲಸವನ್ನು ವಿವರಿಸಿದಾಗ ತಲೆಯಾಡಿಸಿ ಸುಮ್ಮನಾಗಿದ್ದೆ. ಬರಬರುತ್ತ ನನಗೆ ಕುತೂಹಲ ಹುಟ್ಟಿತು. ಅತ್ತೆಗೆ ಅರ್ಥಮಾಡಿಸಿಯೇ ತೀರಬೇಕೆಂಬ ಹಟ ಅವರಿಗೂ ಹುಟ್ಟಿತು. ಕಾಫಿ ಲೋಟ, ಲಟ್ಟಣಿಗೆ, ಬಟ್ಟೆ ಒಣಹಾಕುವ ಹಗ್ಗ ಎಲ್ಲವೂ ಪಾಠೋಪಕರಣಗಳಾದವು. ಮುಂದೆ ಬರುವ ವಿಜ್ಞಾನವೆಲ್ಲ ಅವರಿಂದ ಕೇಳಿ, ಆ ಮೇಲೆ ಗ್ರಂಥಾಲಯದಲ್ಲಿ ಓದಿ ತಿಳಿದುಕೊಂಡದ್ದು. ಅಭಿಪ್ರಾಯಗಳು ಮಾತ್ರ ನನ್ನವು. ಅವುಗಳಲ್ಲಿ ಕೆಲವನ್ನು ಅವರು ಒಪ್ಪುವುದಿಲ್ಲ.

ಮನುಷ್ಯನ ಕಿವಿಗೆ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ಅದರಾಚೆಗಿನದು ಶ್ರವಣಾತೀತ ಧ್ವನಿ. ಗರ್ಭಿಣಿಯರ ಸ್ಕ್ಯಾನಿಂಗಿನಿಂದಾಗಿ ನಮಗೆಲ್ಲ ಅದರ ಪರಿಚಯವಿದೆ. ಲೋಹದ ಪರೀಕ್ಷೆಗೂ ಅದನ್ನೇ ಬಳಸುತ್ತಾರೆ. ಸೆಕೆಂಡಿಗೆ 10 ಲಕ್ಷಕ್ಕೂ ಮೀರಿ ಕಂಪಿಸುವ ಚಿಕ್ಕ ಉಪಕರಣವೊಂದನ್ನು ಲೋಹದ ಮೇಲಿಟ್ಟರೆ ಅದರ ಕೆಳಗಿನ ಭಾಗದ ದಪ್ಪವೆಷ್ಟು, ಒಳಗೆ ಟೊಳ್ಳಿದೆಯೇ ಎಂಬುದು ತಿಳಿಯುತ್ತದೆ. ಅದರ ಕೊರತೆಯೆಂದರೆ, ತಾನು ಕುಳಿತ ಜಾಗವನ್ನು ಮಾತ್ರ ಅದು ಬಲ್ಲದು. ಗೇಣುದ್ದ ಆಚೆ ಲೋಹವು ತುಕ್ಕು ತಿಂದು ಕಾಗದದಂತಾಗಿದ್ದರೂ ಅದಕ್ಕೆ ಗೊತ್ತಾಗದು. ಇಡೀ ಕೊಳವೆಯನ್ನು ಹೀಗೆ ಅಂಗುಲ ಅಂಗುಲವಾಗಿ ನೋಡುವುದೆಂದರೆ, ಗದ್ದೆಯ ಒಂದೊಂದು ಭತ್ತದ ತೆನೆಯನ್ನೂ ಕೈಯಲ್ಲಿ ಹಿಡಿದು ರೋಗ ಹುಡುಕಿದ ಹಾಗೆ. ಮೇಲಾಗಿ ಕಾರ್ಖಾನೆಗಳ ಕೊಳವೆಗಳು ಬರಿಮೈಯಲ್ಲಿರುವುದಿಲ್ಲ. ಶಾಖ ಸೋರದಂತೆ ದಪ್ಪನೆಯ ಹೊದಿಕೆ ಸುತ್ತಿ, ಮೇಲೆ ತಗಡು ಮುಚ್ಚಿರುತ್ತಾರೆ. ಮಳೆನೀರು ಆ ಹೊದಿಕೆಯೊಳಗೆ ಇಳಿದರೆ ತುಕ್ಕು ಬೆಳೆಯುವುದೂ ಅದರ ಮರೆಯಲ್ಲೇ.

ಇಲ್ಲಿ ನೆರವಿಗೆ ಬರುವುದೇ ನಾನು ಹೇಳಹೊರಟ ಅಲೆ. ಇದನ್ನು ಇಂಗ್ಲಿಷಿನಲ್ಲಿ ಗೈಡೆಡ್ ವೇವ್ ಎನ್ನುತ್ತಾರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಅನ್ನ ಉಂಡವಳಾದ ನಾನು ಇದನ್ನು 'ಕಾಲುವೆಯಲೆ' ಎಂದು ಕರೆದುಕೊಂಡಿದ್ದೇನೆ. ಪಾರಿಭಾಷಿಕ ಪದಕೋಶದ ವಿದ್ವಾಂಸರು ಮನ್ನಿಸಬೇಕು. ಬಯಲಲ್ಲಿ ಸುರಿದ ನೀರು ನಾಲ್ಕು ದಿಕ್ಕಿಗೂ ಹರಡಿ, ನಾಲ್ಕು ಮಾರು ದಾಟುವುದರೊಳಗೆ ಇಂಗಿಹೋಗುತ್ತದೆ. ಅದೇ ನೀರನ್ನು ಎರಡು ದಂಡೆಗಳ ನಡುವೆ ಬಿಟ್ಟರೆ ಹತ್ತಾರು ಹಳ್ಳಿಗಳನ್ನು ದಾಟಿ ಹೋಗುತ್ತದೆ. ಧ್ವನಿಯೂ ಹಾಗೆಯೇ. ತೆಳುವಾದ ತಗಡಿನ ಎರಡು ಮೈಗಳು, ಕೊಳವೆಯ ಒಳಮೈ ಹೊರಮೈಗಳು, ರೈಲುಹಳಿಯ ಅಂಚುಗಳು ಅದಕ್ಕೆ ದಂಡೆಗಳಾಗುತ್ತವೆ. ಕಂಪನವನ್ನು ಸೆಕೆಂಡಿಗೆ ಕೆಲವು ಹತ್ತು ಸಾವಿರಗಳಿಗೆ ಇಳಿಸಿ ಬಿಟ್ಟರೆ ಅಲೆಯು ಆ ಮೈಗಳಿಗೆ ತಾಗುತ್ತ ಪುಟಿಯುತ್ತ, ಲೋಹದ ಇಡೀ ದಪ್ಪವನ್ನು ತುಂಬಿಕೊಂಡು, ಉದ್ದಕ್ಕೆ ಹರಿಯುತ್ತದೆ.

ವಿಜಯಪುರದ ಗೋಲಗುಮ್ಮಟವನ್ನು ನೋಡಿದವರಿಗೆ ಇದರ ಸೋದರಸಂಬಂಧಿಯೊಂದರ ಅನುಭವವಾಗಿರುತ್ತದೆ. 1656ರಲ್ಲಿ ಮುಗಿದ ಆ ಕಟ್ಟಡದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಯ ಬಳಿ ಪಿಸುಗುಟ್ಟಿದರೆ, 35 ಮೀಟರಿಗೂ ಹೆಚ್ಚು ದೂರದ ಎದುರು ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳಿಸುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿಯೂ ಇಂಥ ಮೊಗಸಾಲೆಯಿದೆ. ಬಾಗಿದ ಗೋಡೆಯನ್ನು ತಬ್ಬಿಕೊಂಡು ಸಾಗುವುದರಿಂದ ಧ್ವನಿ ಬೇಗ ಸೊರಗುವುದಿಲ್ಲವೆಂದು ಲಾರ್ಡ್ ರ್‍ಯಾಲೆ ತೋರಿಸಿದರು, 1921ರಲ್ಲಿ ಸಿ.ವಿ. ರಾಮನ್ ಅದೇ ಚರ್ಚಿನಲ್ಲಿ ಪ್ರಯೋಗ ನಡೆಸಿದರು. ಆಗಿನ್ನೂ ಅವರು ಬೆಂಗಳೂರಿನವರಾಗಿರಲಿಲ್ಲ. ಗುಮ್ಮಟದಲ್ಲಿ ಅಲೆ ಹರಿಯುವುದು ಗಾಳಿಯಲ್ಲಿ, ಕೊಳವೆಯಲ್ಲಿ ಲೋಹದಲ್ಲಿ, ಲೆಕ್ಕಾಚಾರ ಬೇರೆ. ಆದರೆ ಆಸರೆಯಾಗಿ ಅಂಚೊಂದು ಸಿಕ್ಕರೆ ಧ್ವನಿಯು ಚದುರದೆ ದೂರ ಹೋಗುತ್ತದೆಂಬ ಮಾತು ಎರಡಕ್ಕೂ ಸಲ್ಲುತ್ತದೆ.

ತಗಡಿನೊಳಗಿನ ಅಲೆಯ ಲೆಕ್ಕವನ್ನು 1917ರಲ್ಲಿ ಬಿಡಿಸಿಟ್ಟವರು ಹೊರೇಸ್ ಲ್ಯಾಂಬ್ ಎಂಬ ಇಂಗ್ಲೆಂಡಿನ ಗಣಿತಜ್ಞರು. ಅಲೆ ಸಾಗುವಾಗ ತಗಡು ಎರಡು ಬಗೆಯಲ್ಲಿ ಮಿಸುಕುತ್ತದೆಂದು ಅವರು ತೋರಿಸಿದರು. ಒಂದರಲ್ಲಿ ಉಸಿರಾಡುವ ಎದೆಯಂತೆ ಉಬ್ಬಿ ತಗ್ಗುತ್ತದೆ, ಇನ್ನೊಂದರಲ್ಲಿ ಹಾವಿನಂತೆ ಬಳುಕುತ್ತದೆ. ಎರಡೂ ಒಟ್ಟಿಗೆ ಹೊರಟರೂ ಒಂದೊಂದಕ್ಕೂ ತನ್ನದೇ ವೇಗ. ಕಂಪನ ಬದಲಾದರೆ ಆ ವೇಗವೂ ಬದಲಾಗುತ್ತದೆ. ಒಟ್ಟಿಗೆ ಹೊರಟ ದಿಬ್ಬಣದಲ್ಲಿ ಹುಡುಗರು ಮುಂದೋಡಿ, ಮುದುಕರು ಹಿಂದುಳಿದು, ಬೀಗರ ಊರು ಮುಟ್ಟುವ ಹೊತ್ತಿಗೆ ಯಾರು ಯಾರ ಕಡೆಯವರೆಂದು ತಿಳಿಯದಂತಾಗುತ್ತದಲ್ಲ, ಹಾಗೆ ಮರಳಿ ಬಂದ ಧ್ವನಿ ಕಲಸಿಹೋಗಿರುತ್ತದೆ. ಅದನ್ನು ಬಿಡಿಸುವುದು ಸುಲಭವಲ್ಲವಾದ್ದರಿಂದ ಲ್ಯಾಂಬರ ಗಣಿತ ಬಹುಕಾಲ ಪುಸ್ತಕದಲ್ಲೇ ಉಳಿಯಿತು. 1961ರ ಹೊತ್ತಿಗೆ ಅಮೆರಿಕದ ವರ್ಲ್ಟನ್ ಎಂಬುವರು ಪ್ರಯೋಗಗಳಿಂದ ಅದನ್ನು ದೃಢಪಡಿಸಿದರು. ಕೊಳವೆಗಳ ಕೆಲಸಕ್ಕೆ ಅದನ್ನು ಪಳಗಿಸಿದ ಕೀರ್ತಿ ಬಹುಮಟ್ಟಿಗೆ 1990ರ ದಶಕದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಪೀಟರ್ ಕಾಲಿ, ಡೇವಿಡ್ ಅಲೇನ್ ಮತ್ತು ಅವರ ಸಂಗಡಿಗರಿಗೆ ಸಲ್ಲಬೇಕು.

ಆ ಉಪಕರಣವನ್ನು ಅಳಿಯಂದಿರು ನನಗೊಮ್ಮೆ ತೋರಿಸಿದ್ದಾರೆ. ಎತ್ತಿನ ಕೊರಳಿಗೆ ಗೆಜ್ಜೆಪಟ್ಟಿ ಕಟ್ಟಿದ ಹಾಗೆ ಕೊಳವೆಯ ಸುತ್ತ ಒಂದು ಪಟ್ಟಿ; ಅದರ ಒಳಮೈಯಲ್ಲಿ ಸಾಲಾಗಿ ಪುಟ್ಟ ಪುಟ್ಟ ಬಿಲ್ಲೆಗಳು. ಅದುಮಿದರೆ ವಿದ್ಯುತ್ತು ಕೊಡುವ, ವಿದ್ಯುತ್ತು ಕೊಟ್ಟರೆ ಮಿಸುಕುವ ವಸ್ತುವಿನಿಂದ ಮಾಡಿದವು. ಈ ಗುಣವನ್ನು 1880ರಲ್ಲಿ ಮೊದಲು ಗುರುತಿಸಿದವರು ಕ್ಯೂರಿ ಸೋದರರು. ಬಿಲ್ಲೆಗಳೆಲ್ಲ ಒಟ್ಟಾಗಿ, ಒದ್ದೆ ಬಟ್ಟೆ ಹಿಂಡುವವರಂತೆ, ಆದರೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ, ಕೊಳವೆಯನ್ನು ತಿರುಚಿ ಬಿಡುತ್ತವೆ. ಆ ತಿರುಚು ಸೆಕೆಂಡಿಗೆ ಸುಮಾರು 3.2 ಕಿ.ಮೀ. ವೇಗದಲ್ಲಿ ಓಡುತ್ತದೆ. ಬೆಸುಗೆ ಇದ್ದಲ್ಲಿ, ತುಕ್ಕು ತಿಂದಲ್ಲಿ ಅದರ ಸ್ವಲ್ಪ ಭಾಗ ಮರಳುತ್ತದೆ. 30 ಮೀಟರ್ ದೂರದ ತುಕ್ಕನ್ನು ಮುಟ್ಟಿ ಬರಲು ಸೆಕೆಂಡಿನ ಐವತ್ತರಲ್ಲೊಂದು ಪಾಲೂ ಬೇಡ. ಮರಳಿದ ಹೊತ್ತಿನಿಂದ ದೂರ ತಿಳಿಯುತ್ತದೆ. ಬೆಸುಗೆಯು ಕೊಳವೆಯ ಸುತ್ತಲೂ ಒಂದೇ ಸಮನಾಗಿರುವುದರಿಂದ ಅದರ ಮಾರ್ದನಿಯೂ ಸುತ್ತಲೂ ಸಮ; ತುಕ್ಕು ಒಂದು ಪಕ್ಕವನ್ನಷ್ಟೇ ತಿಂದಿದ್ದರೆ ಅದರ ಮಾರ್ದನಿ ಓರೆ. ದ್ರವವು ತಿರುಚಿಗೆ ಸಿಕ್ಕುವಂಥದಲ್ಲವಾದ್ದರಿಂದ ಕೊಳವೆಯ ಒಳಗೆ ನೀರು ಹರಿಯುತ್ತಿದ್ದರೂ ಅಲೆಯು ಅದರೊಳಗೆ ಸೋರಿಹೋಗುವುದಿಲ್ಲ. ಆದ್ದರಿಂದ ಕೆಲಸ ನಿಲ್ಲಿಸಬೇಕಾಗಿಲ್ಲ. ಹೊದಿಕೆಯನ್ನು ಪಟ್ಟಿ ಕಟ್ಟುವಷ್ಟು ಜಾಗದಲ್ಲಿ ಬಿಚ್ಚಿದರೆ ಸಾಕು, ಒಂದೇ ಕಡೆ ನಿಂತು ಹತ್ತಾರು ಮೀಟರು ನೋಡಬಹುದು.

ಇಷ್ಟರಿಂದಲೇ ಇದೊಂದು ಸಂಜೀವಿನಿಯೆಂದು ಯಾರೂ ಭಾವಿಸಬಾರದು. ಕೊಳವೆಯನ್ನು ಮಣ್ಣಿನಲ್ಲಿ ಹೂಳಿದ್ದರೆ, ಡಾಂಬರಿನಂಥದನ್ನು ಬಳಿದಿದ್ದರೆ, ಕಾಂಕ್ರೀಟಿನಲ್ಲಿ ಹುದುಗಿಸಿದ್ದರೆ ಅಲೆಯ ಕಸುವು ಬೇಗ ಕುಂದುತ್ತದೆ. ತಿರುವುಗಳಲ್ಲಿ ಅದು ಗೊಂದಲಗೊಳ್ಳುತ್ತದೆ. ಕೊಳವೆಯ ಅಡ್ಡಕೊಯ್ತದಲ್ಲಿ ಸುಮಾರು ನೂರಕ್ಕೆ ಐದರಷ್ಟು ಲೋಹ ನಷ್ಟವಾಗಿದ್ದರೆ ಅದು ಹೇಳಬಲ್ಲದು; ಆದರೆ ಆ ನಷ್ಟ ಅಗಲವಾಗಿ ತೆಳ್ಳಗೆ ಆದದ್ದೋ, ಕಿರಿದಾಗಿ ಆಳಕ್ಕೆ ಇಳಿದದ್ದೋ ಎಂದು ಹೇಳಲು ತಡವರಿಸುತ್ತದೆ. ಸೂಜಿಯ ಮೊನೆಯಂಥ ಆಳದ ತೂತು ಅದರ ಕಣ್ಣು ತಪ್ಪಿಸಬಹುದು. ಹಾಗಾಗಿ ಅದು ಕೈತೋರಿಸಿದ ಜಾಗಕ್ಕೆ ಹೋಗಿ, ಹೊದಿಕೆ ಬಿಚ್ಚಿ, ಹಳೆಯ ಉಪಕರಣದಿಂದ ಮತ್ತೆ ನೋಡಲೇಬೇಕು. ಆದರೂ ರಸ್ತೆಯಡಿ ಹಾಯುವ, ಅಗೆದು ನೋಡಲಾಗದ ಕೊಳವೆಗಳಿಗೆ ಇದಕ್ಕಿಂತ ಅನುಕೂಲವಾದ ದಾರಿ ಕಡಿಮೆ. ಅಮೆರಿಕದ ಅನಿಲ ಕೊಳವೆಗಳ ಕೇಂದ್ರ ನಿಯಮಾವಳಿಗೆ 2019ರಲ್ಲಿ ಈ ಪರೀಕ್ಷೆಗೆಂದೇ ಒಂದು ಅನುಬಂಧ ಸೇರಿತು.

ಇದರ ಮುಂದಿನ ಹೆಜ್ಜೆಯೇ ನನಗೆ ಹೆಚ್ಚು ಮನಸ್ಸಿಗೆ ಹಿಡಿಸಿದ್ದು. ಬಿಲ್ಲೆಗಳನ್ನು ವಿಮಾನದ ಮೈಗೋ ಕೊಳವೆಗೋ ಶಾಶ್ವತವಾಗಿ ಅಂಟಿಸಿಬಿಡುವುದು. ಅದು ಗಟ್ಟಿಮುಟ್ಟಾಗಿರುವಾಗಲೇ ಅದರ ದನಿಯನ್ನು ದಾಖಲಿಸಿಡುವುದು. ಆ ಮೇಲೆ ಕಾಲಕಾಲಕ್ಕೆ ಕೇಳಿ ಮೊದಲಿನದರೊಡನೆ ಹೋಲಿಸುವುದು. ನಲವತ್ತು ದಾಟಿದ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸ್ತನ ಪರೀಕ್ಷೆಗೆ ಹೋದಾಗ ಅಲ್ಲಿಯವರು ಮೊದಲು ಕೇಳುವುದೇ ಹಿಂದಿನ ಸಲದ ಚಿತ್ರ ಎಲ್ಲಿದೆ ಎಂದು. ಇವತ್ತಿನ ಚಿತ್ರದಲ್ಲಿ ಕಂಡ ಚುಕ್ಕೆ ಮುಖ್ಯವಲ್ಲ, ಅದು ಕಳೆದ ವರ್ಷ ಇತ್ತೇ ಎಂಬುದು ಮುಖ್ಯ. ಲೋಹದ ವಿಷಯದಲ್ಲಿ ಇದಕ್ಕೊಂದು ವಿಚಿತ್ರ ಅಡ್ಡಿಯಿದೆ, ಹವೆ. ಬಿಸಿಲೇರಿದರೆ ಅಲೆಯ ವೇಗ ತುಸು ತಗ್ಗುತ್ತದೆ. ಜನವರಿಯ ದನಿಯನ್ನು ಜುಲೈನ ದನಿಯೊಡನೆ ಹೋಲಿಸಿದರೆ ಇಲ್ಲದ ಬಿರುಕೂ ಇದ್ದಂತೆ ತೋರುತ್ತದೆ. ಈ ಹವೆಯ ಮೋಸವನ್ನು ಲೆಕ್ಕದಿಂದ ಕಳೆಯುವುದರಲ್ಲೇ ಎಷ್ಟೋ ಸಂಶೋಧಕರು ಕೂದಲು ನರೆಸಿಕೊಂಡಿದ್ದಾರೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಎನ್.ಎ.ಎಲ್.ಗಳಲ್ಲಿಯೂ ವಿಮಾನಗಳ ಆರೋಗ್ಯವನ್ನು ಹೀಗೆ ಕಾಯುವ ಬಗ್ಗೆ ವರ್ಷಗಳಿಂದ ಕೆಲಸ ನಡೆದಿದೆ. ಈಗಿನ ವಿಮಾನಗಳಲ್ಲಿ ಲೋಹದ ಬದಲು ಪದರ ಪದರವಾಗಿ ಅಂಟಿಸಿದ ನಾರಿನ ವಸ್ತುಗಳು ಹೆಚ್ಚು. ಬೋಯಿಂಗ್ 787ರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಅದೇ. ಅದರ ಮೇಲೆ ಒಂದು ಸ್ಪ್ಯಾನರು ಬಿದ್ದರೂ ಮೇಲೆ ಗೀರು ಕಾಣದೆ ಒಳಗೆ ಪದರ ಬಿಟ್ಟಿರಬಹುದು. ಕಣ್ಣನ್ನು ನಂಬಿ ಕೂರುವ ಕಾಲ ಹೋಯಿತು.

ಅಂಟಿಸಿಟ್ಟ ಬಿಲ್ಲೆಗಳ ಇನ್ನೊಂದು ಉಪಯೋಗವನ್ನು ಬಳ್ಳಾರಿ ಹೊಸಪೇಟೆಗಳ ಅದಿರಿನ ಗಾಡಿಗಳನ್ನು ನೋಡಿ ಬೆಳೆದವರಿಗಾಗಿ ಹೇಳಬೇಕು. ದಕ್ಷಿಣ ಆಫ್ರಿಕದಲ್ಲಿ ಸಿಶೆನ್ ಗಣಿಯಿಂದ ಸಾಲ್ಡಾನ್ಹಾ ಬಂದರಿಗೆ ಕಬ್ಬಿಣದ ಅದಿರು ಸಾಗಿಸುವ ಸುಮಾರು 860 ಕಿ.ಮೀ. ರೈಲುಮಾರ್ಗವಿದೆ. ಅಲ್ಲಿ ಹಳಿಯುದ್ದಕ್ಕೂ ಒಂದು ಠಾಣೆ ಅಲೆಯನ್ನು ಕಳುಹಿಸುತ್ತದೆ, ಮುಂದಿನ ಠಾಣೆ ಕೇಳಿಸಿಕೊಳ್ಳುತ್ತದೆ. ದನಿ ಬಂತೆಂದರೆ ಹಳಿ ಸರಿಯಿದೆ. ದನಿ ಬರದಿದ್ದರೆ ಹಳಿ ತುಂಡಾಗಿದೆಯೆಂದು ನಿಯಂತ್ರಣ ಕೇಂದ್ರಕ್ಕೆ ಎಚ್ಚರಿಕೆ ಹೋಗುತ್ತದೆ. ಈ ಏರ್ಪಾಡಿನಲ್ಲಿ ನನಗೆ ಮೆಚ್ಚುಗೆಯಾದದ್ದು ಅದರ ಚಾತುರ್ಯವಲ್ಲ, ಕೇಳಿಸಿಕೊಂಡವನಿಗೆ ಮುಂದಿನ ಕೆಲಸವನ್ನು ಕಟ್ಟಿಹಾಕಿರುವುದು.

ಏಕೆಂದರೆ ಕೇಳುವುದೂ ಕಾಣುವುದೂ ಒಂದು, ಅದರಂತೆ ನಡೆಯುವುದು ಇನ್ನೊಂದು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್ ಸಂಸ್ಥೆಯ ಬೋಯಿಂಗ್ 737 ವಿಮಾನ 24,000 ಅಡಿ ಎತ್ತರದಲ್ಲಿದ್ದಾಗ ಅದರ ಮಾಡು ಸುಮಾರು 18 ಅಡಿಯಷ್ಟು ಹಾರಿಹೋಯಿತು. ಗಗನಸಖಿಯೊಬ್ಬರು ಸತ್ತರು, ಉಳಿದವರು ಆಕಾಶವನ್ನೇ ಮಾಡಾಗಿ ಹೊತ್ತು ನೆಲ ಮುಟ್ಟಿದರು. 19 ವರ್ಷಗಳಲ್ಲಿ ಆ ವಿಮಾನ 89,680 ಸಲ ಹಾರಿತ್ತು. ಉಪ್ಪು ಗಾಳಿಯಲ್ಲಿ ತಗಡಿನ ಬೆಸೆತ ಬಿಟ್ಟು, ರಿವೆಟ್ಟುಗಳ ಸಾಲಿನಲ್ಲಿ ಸಣ್ಣ ಸಣ್ಣ ಬಿರುಕುಗಳು ಒಂದನ್ನೊಂದು ಕೂಡಿಕೊಂಡಿದ್ದವು. ತನಿಖೆಯ ವರದಿಯಲ್ಲಿ ಒಂದು ಸಂಗತಿಯಿದೆ. ವಿಮಾನ ಹತ್ತುವಾಗಲೇ ಪ್ರಯಾಣಿಕರೊಬ್ಬರು ಬಾಗಿಲ ಬಳಿ ಬಿರುಕನ್ನು ಕಂಡಿದ್ದರು. ಕಂಡು, ಯಾರಿಗೂ ಹೇಳದೆ, ಒಳಗೆ ಹೋಗಿ ಕುಳಿತಿದ್ದರು. ಅವರನ್ನು ನಾನು ದೂರುವುದಿಲ್ಲ. ಇಷ್ಟು ಜನ ಬಲ್ಲವರಿರುವಾಗ ನಾನೇನು ಹೇಳುವುದು ಎಂದು ನಮ್ಮಲ್ಲಿ ಎಷ್ಟು ಮಂದಿ ಸುಮ್ಮನಿರುವುದಿಲ್ಲ?

ನಿಜವಾಗಿಯೂ ಕಾಣದ ಬಿರುಕುಗಳಿದ್ದವು, ಇಲ್ಲವೆನ್ನುವುದಿಲ್ಲ. ವೆಸ್ಟ್ ವರ್ಜೀನಿಯ ಮತ್ತು ಓಹಾಯೊಗಳ ನಡುವಣ ಸಿಲ್ವರ್ ಬ್ರಿಜ್ 1967ರ ಡಿಸೆಂಬರ್ 15ರ ಸಂಜೆ, ಕ್ರಿಸ್‌ಮಸ್ ಹತ್ತಿರವಿದ್ದ ದಟ್ಟಣೆಯ ಹೊತ್ತಿನಲ್ಲಿ, ಓಹಾಯೊ ನದಿಗೆ ಕುಸಿದು 46 ಜನ ಸತ್ತರು. ತೂಗುಸರಪಳಿಯ ಒಂದು ಉಕ್ಕಿನ ಪಟ್ಟಿಯ ಕಣ್ಣಿನಲ್ಲಿ ಸುಮಾರು 2.5 ಮಿ.ಮೀ. ಆಳದ ಬಿರುಕಿತ್ತು. ಕೀಲನ್ನು ಬಿಚ್ಚದೆ ಅದನ್ನು ಕಾಣುವ ಉಪಾಯ ಆ ಕಾಲದಲ್ಲಿರಲಿಲ್ಲ. ಅದರ ತರುವಾಯವೇ ಈ ದೇಶದ ಸೇತುವೆಗಳನ್ನೆಲ್ಲ ಸಾಮಾನ್ಯವಾಗಿ ಎರಡು ವರ್ಷಗಳಿಗೊಮ್ಮೆ ಪರೀಕ್ಷಿಸಬೇಕೆಂಬ ನಿಯಮ ಬಂದದ್ದು. ನಮ್ಮ ಈ ಸಮ್ಮೇಳನದ ಅವಧಿಯೂ ಅಷ್ಟೇ. ಬಂದವರು ಬಾರದವರ ಆರೋಗ್ಯ ವಿಚಾರಿಸುವುದಕ್ಕೆ ಅದು ಸರಿಯಾದ ಅಂತರವೆಂದು ತೋರುತ್ತದೆ. ಸೇತುವೆಗೆ ಅದು ಸಾಕೇ ಎಂಬುದು ಬೇರೆ ಮಾತು. 2021ರ ಮೇ ತಿಂಗಳಲ್ಲಿ ಮೆಂಫಿಸ್ ನಗರದ ಬಳಿ ಮಿಸಿಸಿಪಿ ನದಿಯ ಹೆದ್ದಾರಿ ಸೇತುವೆಯ ತೊಲೆಯಲ್ಲಿ ದೊಡ್ಡ ಬಿರುಕು ಕಂಡು ವಾಹನಗಳನ್ನು ನಿಲ್ಲಿಸಿದರು. ಅದೇ ಬಿರುಕು 2019ರ ಡ್ರೋನ್ ಚಿತ್ರದಲ್ಲೇ ಇತ್ತೆಂದು ಆ ಮೇಲೆ ತಿಳಿಯಿತು. ನಡುವೆ ಪರೀಕ್ಷೆ ನಡೆದಿತ್ತು, ಬಿರುಕನ್ನು ಯಾರೂ ಗುರುತಿಸಿರಲಿಲ್ಲ. ಇಂಥ ಕಡೆ ಅಂಟಿಸಿದ ಬಿಲ್ಲೆಗಳು ಮನುಷ್ಯನ ಕಣ್ಣಿಗಿಂತ ನಂಬಿಕೆಗೆ ಅರ್ಹ. ಇದನ್ನು ಒಪ್ಪುತ್ತೇನೆ.

ಆದರೆ ನಾವಿರುವ ಪಿಟ್ಸ್‌ಬರ್ಗಿನಲ್ಲಿ 2022ರ ಜನವರಿ 28ರ ಮುಂಜಾನೆ ಬಿದ್ದ ಫರ್ನ್ ಹಾಲೊ ಸೇತುವೆಗೆ ಯಾವ ಬಿಲ್ಲೆಯ ಅಗತ್ಯವೂ ಇರಲಿಲ್ಲ. 1970ರ ದಶಕದ ಆ ಸೇತುವೆಯನ್ನು ಬಣ್ಣ ಬೇಡದ, ತನ್ನ ತುಕ್ಕನ್ನೇ ಹೊದಿಕೆ ಮಾಡಿಕೊಳ್ಳುವ ಉಕ್ಕಿನಿಂದ ಕಟ್ಟಿದ್ದರು. ಆ ಉಕ್ಕಿಗೆ ಒಂದೇ ಕರಾರು, ಒದ್ದೆಯಾದರೆ ಒಣಗಲು ಬಿಡಬೇಕು. ನೀರು ಹರಿಯುವ ಕಂಡಿಗಳಲ್ಲಿ ಎಲೆ ಮಣ್ಣು ತುಂಬಿಕೊಂಡು ನೀರು ಕಾಲುಗಳ ಬುಡಕ್ಕೆ ಇಳಿಯಿತು. ಬುಡದ ತಗಡು ತೂತಾಗುವಷ್ಟು ಸವೆಯಿತು. ಇದನ್ನು ಕಂಡವರಿಲ್ಲವೇ? ಕಂಡಿದ್ದರು, ಫೋಟೋ ತೆಗೆದಿದ್ದರು, ವರದಿ ಬರೆದಿದ್ದರು. ಹತ್ತು ವರ್ಷಗಳಿಂದ ಸೇತುವೆಗೆ 'ಕಳಪೆ' ಎಂಬ ದರ್ಜೆ ಸಿಕ್ಕಿತ್ತು. ಕಂಡಿ ಶುಚಿಮಾಡಿ, ತುಕ್ಕು ತಿಂದಲ್ಲಿ ದುರಸ್ತಿ ಮಾಡಿ ಎಂಬ ಸಲಹೆ ಮತ್ತೆ ಮತ್ತೆ ಬಂದು ಮತ್ತೆ ಮತ್ತೆ ಕಡತ ಸೇರಿತ್ತು. ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು 2024ರಲ್ಲಿ ಅಪಘಾತಕ್ಕೆ ಕಾರಣವನ್ನು ಹೇಳುವಾಗ, ಆ ಸಲಹೆಗಳ ಮೇಲೆ ನಗರಾಡಳಿತ ಕ್ರಮ ಕೈಗೊಳ್ಳದೆ ಹೋದದ್ದನ್ನೇ ಮುಂದಿಟ್ಟಿತು. ಆ ಬೆಳಿಗ್ಗೆ ಸೇತುವೆಯ ಮೇಲೆ ಒಂದು ಬಸ್ಸು, ಕೆಲವು ಕಾರುಗಳಿದ್ದವು. ಯಾರೂ ಸಾಯಲಿಲ್ಲ, ಅದು ಪುಣ್ಯ. ಇನ್ನೆರಡು ಗಂಟೆ ಕಳೆದಿದ್ದರೆ ಶಾಲೆ ಕಚೇರಿಗಳ ಹೊತ್ತು.

ಇದನ್ನು ಇಷ್ಟು ವಿಸ್ತಾರವಾಗಿ ಹೇಳಲು ಕಾರಣವುಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದಕ್ಕೆ ಮೂರು ದಿನ ಮುಂಚೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿದ್ದಿತ್ತು, ಚಾಲಕ ಬದುಕಿದ. ಆ ವಾರ ನಮ್ಮ ಕಡೆಯ ಕನ್ನಡಿಗರು ಸೇರಿದ್ದ ಕೂಟದಲ್ಲಿ ಹಿರಿಯರೊಬ್ಬರು ಚಿತ್ರಾನ್ನದ ತಟ್ಟೆ ಹಿಡಿದು, "ನಮ್ಮ ದೇಶ ಸುಧಾರಿಸುವ ಮಾತಲ್ಲ ಬಿಡಿ" ಎಂದರು. ಸುತ್ತಲಿದ್ದವರು ನಕ್ಕರು. ಅದೇ ದಿನ ಬೆಳಿಗ್ಗೆ ಗಂಗಾವತಿಯಿಂದ ನನ್ನ ತಮ್ಮ ಫೋನು ಮಾಡಿ, "ಅಕ್ಕ, ಹೊಳಿಗೆ ಹೋಗೋ ನೀರು ನೋಡಿದ್ರ ಎರಡನೇ ಬೆಳಿ ಆಸೆ ಬಿಡಬೇಕು" ಎಂದಿದ್ದ. ನನಗೆ ನಗು ಬರಲಿಲ್ಲ. ಆ ಹಿರಿಯರ ಮನೆಯಿಂದ ಫರ್ನ್ ಹಾಲೊ ಸೇತುವೆಗೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಅದು ಬಿದ್ದಾಗ ಈ ದೇಶ ಸುಧಾರಿಸುವುದಿಲ್ಲವೆಂದು ಅವರು ಅಂದದ್ದು ನನಗೆ ನೆನಪಿಲ್ಲ. ಹರಿಯುವ ನೀರಿನಲ್ಲೇ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ ಸಾಹಸವನ್ನೂ ಯಾರೂ ಎತ್ತಲಿಲ್ಲ. ಹಾಗೆಂದು ಊರಿನ ಅಲಕ್ಷ್ಯವನ್ನು ನಾನು ಮುಚ್ಚುವುದಿಲ್ಲ. ಎಲ್ಲ ಗೇಟುಗಳನ್ನೂ ಬದಲಿಸಬೇಕೆಂದು ತಜ್ಞರ ಸಮಿತಿ ಹೇಳಿದ್ದು ಒಂದು ಗೇಟು ಹೋದ ಮೇಲೆ.

ಸರಪಳಿಯಲ್ಲಿ ಕಾಲುವೆಯಲೆ ಹರಿಯುತ್ತದೆಯೇ ಎಂದು ಅಳಿಯಂದಿರನ್ನು ಕೇಳಿದೆ. ಒಂದೊಂದು ಕೊಂಡಿಯೂ ಬೇರೆಯಾದ್ದರಿಂದ ಅಲೆ ಸರಾಗವಾಗಿ ದಾಟದು, ಕೊಂಡಿ ಕೊಂಡಿಯನ್ನೂ ನೋಡಬೇಕಾಗುತ್ತದೆ ಎಂದರು. ಅವರ ನಂಬಿಕೆ ಬೇರೆ. ಬಿಲ್ಲೆಗಳ ಬೆಲೆ ಇಳಿಯುತ್ತಿದೆ. ಎಲ್ಲ ಕಡೆ ಅಂಟಿಸಿದರೆ ದಿನದಿನವೂ ತಾವಾಗಿ ವರದಿ ಬರುತ್ತದೆ. ಮನುಷ್ಯ ಮರೆಯುತ್ತಾನೆ, ಯಂತ್ರ ಮರೆಯುವುದಿಲ್ಲ, ಎನ್ನುತ್ತಾರೆ. ಪಿಟ್ಸ್‌ಬರ್ಗಿನಲ್ಲಿ ಕೊರತೆಯಾಗಿದ್ದು ನೆನಪಲ್ಲವಲ್ಲ ಎಂದು ನಾನು. ಅದಕ್ಕೆ ಅವರು ಕೊಟ್ಟ ಉತ್ತರವನ್ನು ತಳ್ಳಿಹಾಕಲಾರೆ: "ಅತ್ತೆ, ಕಳಪೆ ಅನ್ನೋ ಮಾತನ್ನ ಕಡತದಲ್ಲಿ ಮುಚ್ಚಿಡಬಹುದು. ಕಳೆದ ತಿಂಗಳಿಗಿಂತ ಈ ತಿಂಗಳು ಬಿರುಕು ಇಷ್ಟು ಬೆಳೆದಿದೆ ಅನ್ನೋ ಅಂಕಿಯನ್ನ ಮುಚ್ಚಿಡೋದು ಕಷ್ಟ." ಇರಬಹುದು. ದುರಸ್ತಿಗೆ ಹಣ ಬೇಡುವವರ ಕೈಯಲ್ಲಿ ಅಂಥ ಅಂಕಿಯೊಂದು ಇದ್ದರೆ ಒಳ್ಳೆಯದೇ. ಆದರೆ ಅಂಕಿ ಬಂದು ತಲುಪುವ ಮೇಜಿನ ಹಿಂದೆ ಇಂಥವರೇ ಉತ್ತರ ಕೊಡಬೇಕೆಂದು ಗೊತ್ತುಮಾಡಿದ ಒಬ್ಬ ಮನುಷ್ಯ ಇಲ್ಲದಿದ್ದರೆ, ದಿನಕ್ಕೊಂದು ವರದಿ ಬಂದರೂ ಎರಡು ವರ್ಷಕ್ಕೊಂದು ಬಂದರೂ ವ್ಯತ್ಯಾಸವೇನು? ಕೇಳುವ ಉಪಕರಣಕ್ಕೆ ಎಷ್ಟು ಹಣವೋ ಅದಕ್ಕಿಂತ ಹೆಚ್ಚಿನ ಹಣವನ್ನು ಕೇಳಿದ ಮೇಲಿನ ಕೆಲಸಕ್ಕೆ ಮೊದಲೇ ತೆಗೆದಿಡದೆ ಯಾವ ಸೇತುವೆಗೂ ಬಿಲ್ಲೆ ಅಂಟಿಸಬಾರದೆಂಬುದು ನನ್ನ ವಾದ. ಅಳಿಯಂದಿರು ಇದನ್ನು ಅತಿಯೆನ್ನುತ್ತಾರೆ.

ಇದರಲ್ಲಿ ನಮ್ಮ ಸಂಘಗಳ ಪಾಲೂ ಇದೆ. ಊರಿನ ಶಾಲೆಗೆ ಕೋಣೆ, ಸಮುದಾಯ ಭವನ, ಮಹಾದ್ವಾರ ಎಂದು ನಾವು ಕಟ್ಟಿಸಿಕೊಟ್ಟವು ಬೇಕಾದಷ್ಟಿವೆ. ಕಟ್ಟಿದ ಮೇಲೆ ಅವನ್ನು ನೋಡಿಬಂದವರೆಷ್ಟು ಮಂದಿ? ಸಂಘವೊಂದರ ಸಭೆಯಲ್ಲಿ, ಹೊಸ ಕಟ್ಟಡಕ್ಕೆ ಕೂಡಿಸಿದ ಹಣದಲ್ಲಿ ನೂರಕ್ಕೆ ಹತ್ತನ್ನು ಹಳೆಯ ಕಟ್ಟಡಗಳ ತಪಾಸಣೆ ದುರಸ್ತಿಗೆ ಇಡೋಣವೆಂದು ನಾನು ಸೂಚಿಸಿದಾಗ ಸಿಕ್ಕ ಉತ್ತರ: "ಕಟ್ಟಡಕ್ಕೆ ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಬಹುದು. ರಿಪೇರಿಗೆ ಕೊಟ್ಟವರ ಹೆಸರನ್ನು ಎಲ್ಲಿ ಕೆತ್ತಿಸೋದು, ಅಮ್ಮಾ?" ಹೇಳಿದವರು ತಮಾಷೆಗೆ ಹೇಳಿದರು, ನಿಜ. ಆದರೆ ಸೂಚನೆ ಬಿದ್ದುಹೋದದ್ದು ತಮಾಷೆಗಲ್ಲ.

ಶಾಲೆಯ ಕೋಣೆಗೆ ಕಾಲುವೆಯಲೆ ಬೇಡ; ಕಾಂಕ್ರೀಟಿನಲ್ಲಿ ಅದು ಹೆಚ್ಚು ದೂರ ಹೋಗಲಾರದು. ಗೋಡೆಯ ಈ ಬದಿಯಿಂದ ಆ ಬದಿಗೆ ಶ್ರವಣಾತೀತ ಧ್ವನಿಯನ್ನು ಹಾಯಿಸಿ ನೋಡುವ ಬೇರೆ ಪರೀಕ್ಷೆಗಳಿವೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಲ್ಲವರೂ ಇದ್ದಾರೆ. ಆದರೆ ಹೊಸದಿದ್ದಾಗಲೇ ದಾಖಲೆ ಮಾಡಿಟ್ಟು ವರ್ಷ ವರ್ಷ ಅದರೊಡನೆ ಹೋಲಿಸುವ ಪಾಠಕ್ಕೆ ಯಂತ್ರವೇ ಬೇಡ, ಒಂದು ನೋಟುಬುಕ್ಕು ಸಾಕು. ಹಾಗಾಗಿ ಸಂಘದ ಹಣಕ್ಕೆ ಕಾಯದೆ, ನಮ್ಮ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಗೆ ನಾನೇ ಒಂದು ನೋಟುಬುಕ್ಕು ಕಳುಹಿಸಿದೆ. ಪುಟಕ್ಕೆ ನಾಲ್ಕು ಅಂಕಣ: ತಾರೀಖು, ನೋಡಿದವರು, ಕಂಡದ್ದು, ಮಾಡಿದ್ದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ತುಂಬಬೇಕೆಂದು ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದೆ. ಅವರು ಶ್ರದ್ಧೆಯಿಂದ ತುಂಬಿ ಮೊದಲ ಪುಟದ ಚಿತ್ರ ಕಳುಹಿಸಿದ್ದಾರೆ. ಮೂರನೆಯ ಅಂಕಣದಲ್ಲಿ, ಐದನೆಯ ತರಗತಿಯ ಕೋಣೆಯ ಮಾಳಿಗೆಯ ಈಶಾನ್ಯ ಮೂಲೆಯಲ್ಲಿ ನೀರು ಜಿನುಗುತ್ತಿದೆ, ಗಾರೆ ಉದುರಿ ಒಳಗಿನ ಕಂಬಿ ಒಂದು ಗೇಣು ಹೊರಬಿದ್ದಿದೆ, ಎಂದಿದೆ. ಮಕ್ಕಳನ್ನು ಸದ್ಯಕ್ಕೆ ವರಾಂಡದಲ್ಲಿ ಕೂರಿಸುತ್ತಿದ್ದಾರೆ. ನಾಲ್ಕನೆಯ ಅಂಕಣ ಖಾಲಿ ಇದೆ. ಅದಕ್ಕೆ ತಗಲುವ ಖರ್ಚಿನ ಅಂದಾಜು ಪಟ್ಟಿ ನನ್ನ ಕೈಚೀಲದಲ್ಲಿದೆ. ಸಮ್ಮೇಳನದ ಮೂರು ದಿನವೂ ಊಟದ ಹಾಲಿನ ಬಾಗಿಲ ಬಳಿ ಸಿಗುತ್ತೇನೆ.